ಹಸುಗೂಸಿನ ಆನುವಂಶಿಕ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯಲ್ಲಿ ಜೆನೆಟಿಕ್ ಕೌನ್ಸೆಲರ್, ಆನುವಂಶಿಕ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ಸಲಹೆ ಕೊಡುವವಳು. ಕನ್ನಡ ಬಲ್ಲವಳೆಂಬ ಕಾರಣಕ್ಕೆ ಡೊಂಬಿವಲಿ, ಪಿಂಪ್ರಿ, ವಾಸ್ಕೊ ಕಡೆಯ ಕನ್ನಡ ಕುಟುಂಬಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಆಸ್ಪತ್ರೆಯಲ್ಲಿ ಮರಾಠಿಗೂ ಹಿಂದಿಗೂ ತಲೆಯಾಡಿಸಿ ಬಂದವರು ಮನೆಗೆ ಹೋದ ಮೇಲೆ ಕನ್ನಡದಲ್ಲಿ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮ್ಮ ಮಗುವಿಗೆ ಏನು ಬೇಕೆಂಬುದನ್ನು ಮಾತ್ರ ಮಗುವನ್ನು ನೋಡುತ್ತಿರುವ ವೈದ್ಯರ ಜೊತೆ ಕುಳಿತು ನಿರ್ಧರಿಸಿ.

## ಫಾರಂ ಕೈಗೆ ಬಂದಾಗ

ಡಿಸ್ಚಾರ್ಜ್ ಕಾಗದಗಳ ಜೊತೆ ‘ನ್ಯೂಬಾರ್ನ್ ಸ್ಕ್ರೀನಿಂಗ್: ಬೇಕು, ಬೇಡ’ ಎಂದು ಒಂದು ಫಾರಂ ಕೊಟ್ಟಿದ್ದಾರೆ. ಏನಿದು?

ಹುಟ್ಟಿದಾಗ ಮೇಲ್ನೋಟಕ್ಕೆ ಏನೂ ಕಾಣಿಸದೆ, ಕೆಲವು ದಿನ ಅಥವಾ ತಿಂಗಳುಗಳಲ್ಲಿ ಮಗುವಿನ ಮಿದುಳಿಗೋ ಜೀವಕ್ಕೋ ಕುತ್ತು ತರುವ ಕಾಯಿಲೆಗಳು ಕೆಲವಿವೆ. ಅವುಗಳಲ್ಲಿ ಹೆಚ್ಚಿನವು ತಂದೆತಾಯಿಯ ಜೀನ್‌ಗಳ ಮೂಲಕ ಬರುವಂಥವು. ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ದಪ್ಪ ಹೀರುಕಾಗದದ ಮೇಲೆ ಒಣಗಿಸಿ, ಲ್ಯಾಬಿಗೆ ಕಳುಹಿಸಿ ಅವುಗಳ ಸುಳಿವು ಹಿಡಿಯುವುದೇ ಈ ತಪಾಸಣೆ. ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದ ಆರಂಭದಲ್ಲಿ ಪಿಕೆಯು (ಒಂದು ಅಮೈನೊ ಆಮ್ಲವನ್ನು ದೇಹ ಅರಗಿಸಲಾರದ ಕಾಯಿಲೆ) ಎಂಬ ಒಂದೇ ಕಾಯಿಲೆಗಾಗಿ ಈ ವಿಧಾನವನ್ನು ಬಳಕೆಗೆ ತಂದರು. ಭಾರತದಲ್ಲಿ ಮೊದಲ ದೊಡ್ಡ ಪ್ರಯತ್ನ 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಮಗು ದುಂಡದುಂಡಗಿದೆ, ಹಾಲು ಕುಡಿಯುತ್ತದೆ, ಚೆನ್ನಾಗಿ ನಿದ್ದೆ ಮಾಡುತ್ತದೆ. ಆದರೂ ಸೂಜಿ ಚುಚ್ಚಬೇಕೇ?

ನಿಮ್ಮ ಪ್ರಶ್ನೆಯಲ್ಲಿರುವ ‘ಚೆನ್ನಾಗಿ ನಿದ್ದೆ ಮಾಡುತ್ತದೆ’ ಎಂಬ ಮಾತೇ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಇಲ್ಲದ ಅಥವಾ ಸರಿಯಾಗಿ ಕೆಲಸ ಮಾಡದ ಮಗು ಅಳುವುದು ಕಡಿಮೆ, ಮಲಗುವುದು ಹೆಚ್ಚು. ಅದರ ಕಾಮಾಲೆ ಬೇಗ ಇಳಿಯುವುದಿಲ್ಲ, ಮಲಬದ್ಧತೆಯೂ ಇರಬಹುದು. ಮನೆಯವರು ‘ಎಷ್ಟು ಸಾಧು ಮಗು, ಯಾರಿಗೂ ತೊಂದರೆ ಕೊಡುವುದಿಲ್ಲ’ ಎಂದು ಹೊಗಳುತ್ತಿರುತ್ತಾರೆ. ಆ ಹೊಗಳಿಕೆಯಲ್ಲೇ ಮೂರು ತಿಂಗಳು ಕಳೆದುಹೋದರೆ ಮಿದುಳಿನ ಬೆಳವಣಿಗೆಗೆ ಬಿದ್ದ ಪೆಟ್ಟನ್ನು ಪೂರ್ತಿಯಾಗಿ ಸರಿಪಡಿಸಲು ಆಗುವುದಿಲ್ಲ. ಎರಡು ವಾರದೊಳಗೆ ಗೊತ್ತಾದರೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು, ಮಗು ಎಲ್ಲರ ಹಾಗೆ ಶಾಲೆಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರಕ್ಕೊಂದು ಮಗುವಿಗೆ ಈ ತೊಂದರೆ ಇರುತ್ತದೆ.

ಇದರಲ್ಲಿ ಎಲ್ಲವೂ ಜೀನ್‌ನಿಂದ ಬಂದದ್ದಲ್ಲ, ಬಹಳಷ್ಟು ಸಲ ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಆದರೂ ತಪಾಸಣೆಯ ಪಟ್ಟಿಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಇದು ಕಡ್ಡಾಯವೇ? ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡುತ್ತಾರೆಯೇ?

ದೇಶದಾದ್ಯಂತ ಎಲ್ಲ ಮಕ್ಕಳಿಗೂ ರಕ್ತದ ತಪಾಸಣೆ ಕಡ್ಡಾಯ ಎನ್ನುವ ಕಾನೂನು ಭಾರತದಲ್ಲಿ ಇಲ್ಲ. ‘ಬೇಡ’ ಎಂದು ಸಹಿ ಹಾಕಿದರೆ ಯಾರೂ ಬಲವಂತ ಮಾಡುವಂತಿಲ್ಲ. ಗೋವಾ ರಾಜ್ಯ 2008ರಲ್ಲೇ ಇಡೀ ರಾಜ್ಯಕ್ಕೆಂದು ಇಂಥ ಕಾರ್ಯಕ್ರಮ ಆರಂಭಿಸಿ ಉಳಿದ ರಾಜ್ಯಗಳಿಗಿಂತ ಮುಂದೆ ಹೋಗಿತ್ತು. 2013ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆ ಉಚಿತ. ಆದರೆ ಹೆರಿಗೆ ವಾರ್ಡಿನಲ್ಲಿ ನಡೆಯುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ನ್ಯೂನತೆಗಳ ಪರೀಕ್ಷೆ. ನಿಮ್ಮ ಆಸ್ಪತ್ರೆಯಲ್ಲಿ ರಕ್ತದ ಯಾವ ಪರೀಕ್ಷೆ ನಡೆಯುತ್ತದೆ ಎಂಬುದನ್ನು ಎಂಟನೇ ತಿಂಗಳಲ್ಲೇ ವಿಚಾರಿಸಿಡಿ. ಹೆರಿಗೆಯಾದ ದಿನ ಅದನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಎಷ್ಟು ರಕ್ತ ತೆಗೆಯುತ್ತಾರೆ? ಅಜ್ಜಿ ಹತ್ತಿರವೇ ಬಿಡುತ್ತಿಲ್ಲ.

ನಾಲ್ಕೈದು ಹನಿ, ಅಷ್ಟೇ. ಹಿಮ್ಮಡಿಯ ನಡುವೆ ಚುಚ್ಚುವುದಿಲ್ಲ, ಮೂಳೆ ದೂರವಿರುವ ಪಕ್ಕದ ಭಾಗದಲ್ಲಿ ಚುಚ್ಚುತ್ತಾರೆ. ಮೊದಲ ಹನಿಯನ್ನು ಒರೆಸಿ ಹಾಕಿ, ನಂತರದ ಹನಿಗಳನ್ನು ಕಾಗದದ ಮೇಲೆ ಅಚ್ಚಾಗಿರುವ ವೃತ್ತಗಳಿಗೆ ಒಂದೇ ಬದಿಯಿಂದ ತುಂಬುತ್ತಾರೆ. ಆಗ ಮಗು ಎದೆಹಾಲು ಕುಡಿಯುತ್ತಿದ್ದರೆ ಅಳು ಕಡಿಮೆ. ಅಜ್ಜಿಗೂ ಸಮಾಧಾನ.

ಕಾಗದವನ್ನು ಬಿಸಿಲಿಗೆ ಹಿಡಿಯದೆ, ಮಟ್ಟಸವಾಗಿ ಇಟ್ಟು, ಮೂರು ನಾಲ್ಕು ಗಂಟೆ ಒಣಗಿಸಬೇಕು. ಜುಲೈ ತಿಂಗಳ ಮುಂಬೈಯಲ್ಲಿ ಒಣಹಾಕಿದ ಲಂಗೋಟಿಯೇ ಒಣಗುವುದಿಲ್ಲ, ಇನ್ನು ಈ ಕಾಗದದ ಪಾಡೇನು! ಹಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊರಿಯರ್ ಮಾಡಿದರೆ ಸ್ಯಾಂಪಲ್ ಕೆಡುತ್ತದೆ. ಮಳೆಗಾಲದಲ್ಲಿ ‘ಸ್ಯಾಂಪಲ್ ಸರಿಯಿಲ್ಲ, ಮತ್ತೆ ಬನ್ನಿ’ ಎಂದು ಕರೆ ಬಂದರೆ ಮಗುವಿಗೆ ಏನೋ ಆಗಿದೆ ಎಂದು ಎದೆಯೊಡೆದುಕೊಳ್ಳಬೇಡಿ.

ಹುಟ್ಟಿದ ದಿನವೇ ತೆಗೆದುಬಿಟ್ಟರು. ಸರಿಯೇ?

ಸಾಮಾನ್ಯವಾಗಿ 48ರಿಂದ 72 ಗಂಟೆಗಳ ನಡುವೆ ತೆಗೆಯುವುದು ಒಳ್ಳೆಯದು. ಹುಟ್ಟಿದ ಕೂಡಲೇ ಎಲ್ಲ ಮಕ್ಕಳಲ್ಲೂ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನು ಒಮ್ಮೆ ಜೋರಾಗಿ ಏರಿ ನಂತರ ಇಳಿಯುತ್ತದೆ. ಆ ಏರಿಕೆಯಲ್ಲಿ ತೆಗೆದ ರಕ್ತ ಆರೋಗ್ಯವಂತ ಮಗುವನ್ನೂ ರೋಗಿಯೆಂದು ತೋರಿಸಬಹುದು. ಇನ್ನೊಂದೆಡೆ, ಕೆಲವು ಕಾಯಿಲೆಗಳು ಮಗು ಸ್ವಲ್ಪ ಹಾಲು ಕುಡಿದ ಮೇಲೆಯೇ ರಕ್ತದಲ್ಲಿ ಕಾಣಿಸುತ್ತವೆ. 24 ಗಂಟೆಗೆ ಮೊದಲು ತೆಗೆದಿದ್ದರೆ ಇನ್ನೊಮ್ಮೆ ಮಾಡಿಸಬೇಕೇ ಎಂದು ಕೇಳಿ. ಥೈರಾಯ್ಡ್‌ಗೆ ಹೊಕ್ಕುಳಬಳ್ಳಿಯ ರಕ್ತ ತೆಗೆಯುವ ಪದ್ಧತಿ ಬೇರೆಯೇ ಇದೆ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ ತಪಾಸಣೆಯ ಸ್ಯಾಂಪಲ್ಲನ್ನು ಅದಕ್ಕೂ ಮೊದಲೇ ತೆಗೆಯಲು ಹೇಳಿ.

ಚೊಚ್ಚಲ ಹೆರಿಗೆಗೆ ವಿಜಯಪುರದ ತವರಿಗೆ ಹೋಗುತ್ತಿದ್ದೇನೆ. ಅಲ್ಲಿ ಮಾಡಿಸಲೋ, ಡೊಂಬಿವಲಿಗೆ ಮರಳಿದ ಮೇಲೆ ಮಾಡಿಸಲೋ?

ಅಲ್ಲೇ ಮಾಡಿಸಿ. ಬಾಣಂತನ ಮುಗಿಸಿ ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಮರಳುವ ಹೊತ್ತಿಗೆ ತಪಾಸಣೆಯ ಮುಖ್ಯ ಪ್ರಯೋಜನವೇ ಕೈತಪ್ಪಿರುತ್ತದೆ. ಊರಿನ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಕನಿಷ್ಠ ಥೈರಾಯ್ಡ್ ಒಂದನ್ನು ಯಾವುದೇ ಒಳ್ಳೆಯ ಲ್ಯಾಬಿನಲ್ಲಿ ಮಾಡಿಸಬಹುದು.

ನಮ್ಮ ಜನರಲ್ಲಿ ಎಡವಟ್ಟಾಗುವುದು ಫೋನ್ ನಂಬರಿನಲ್ಲಿ. ಫಾರಂ ಮೇಲೆ ಬರೆದಿರುವುದು ಗಂಡನ ನಂಬರು. ಅವರು ಕಾರ್ಖಾನೆಯಲ್ಲೋ ಹೋಟೆಲಿನ ಗಲ್ಲಾದ ಮೇಲೋ ಇರುತ್ತಾರೆ, ಗುರುತಿಲ್ಲದ ನಂಬರನ್ನು ಎತ್ತುವುದಿಲ್ಲ. ಮಗು ಇರುವುದು ಅಜ್ಜಿಯ ಮನೆಯಲ್ಲಿ. ಲ್ಯಾಬಿನವರು ಕರೆದು ಕರೆದು ಸುಮ್ಮನಾಗುತ್ತಾರೆ. ಬಾಣಂತಿಯ ಪಕ್ಕದಲ್ಲಿ ಇರುವವರ ನಂಬರನ್ನು ಮೊದಲು ಬರೆಯಿರಿ, ಗಂಡನದು ಎರಡನೆಯದಾಗಿರಲಿ. ‘ಕರೆ ಬಾರದಿದ್ದರೆ ಎಲ್ಲ ಸರಿ’ ಎಂದು ಭಾವಿಸದೆ, ಹತ್ತನೆಯ ದಿನದೊಳಗೆ ನೀವೇ ಕರೆದು ರಿಪೋರ್ಟ್ ಕೇಳಿ ಪಡೆಯಿರಿ. ಗೋವಾದ ಬೈನಾ, ಝುವಾರಿ ನಗರ ಕಡೆಯಿಂದ ಹೆರಿಗೆಗೆ ಊರಿಗೆ ಹೋಗುವವರಿಗೂ ಇದೇ ಮಾತು.

## ಯಾವ ಪಟ್ಟಿ, ಎಷ್ಟು ಉದ್ದ

ಒಬ್ಬರು ಐದು ಕಾಯಿಲೆ ಎನ್ನುತ್ತಾರೆ, ಇನ್ನೊಬ್ಬರು ಐವತ್ತು, ಮತ್ತೊಬ್ಬರು ನೂರಕ್ಕೂ ಹೆಚ್ಚು. ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ನಾನು ಹಾಗೆ ಹೇಳುವುದಿಲ್ಲ. ಪಟ್ಟಿಯ ಪ್ರತಿ ಹೆಸರಿಗೂ ಮೂರು ಪ್ರಶ್ನೆ ಹಾಕಿ: ಲಕ್ಷಣ ಕಾಣುವ ಮೊದಲೇ ತಿಳಿದರೆ ಮಗುವಿಗೆ ಲಾಭವಿದೆಯೇ? ಅದರ ಚಿಕಿತ್ಸೆ ನಮ್ಮ ಕೈಗೆ ಸಿಗುತ್ತದೆಯೇ? ರಿಪೋರ್ಟ್ ಸಮಯಕ್ಕೆ ಬರುತ್ತದೆಯೇ?

ಈ ಮೂರಕ್ಕೂ ನಿಲ್ಲುವವು ಕೆಲವೇ. ಮೊದಲನೆಯದು ಥೈರಾಯ್ಡ್. ಆಮೇಲೆ ಸಿಎಎಚ್. ಇದರಲ್ಲಿ ಅಡ್ರಿನಲ್ ಗ್ರಂಥಿ ಬೇಕಾದ ಹಾರ್ಮೋನು ತಯಾರಿಸಲಾರದೆ ದೇಹದ ಉಪ್ಪಿನಂಶ ಸೋರಿಹೋಗುತ್ತದೆ. ಹೆಣ್ಣುಮಗುವಿನಲ್ಲಿ ಜನನಾಂಗದ ವ್ಯತ್ಯಾಸದಿಂದ ವೈದ್ಯರಿಗೆ ಅನುಮಾನ ಬರಬಹುದು. ಗಂಡುಮಗು ಮಾತ್ರ ಸಂಪೂರ್ಣ ಸಹಜವಾಗಿ ಕಾಣುತ್ತದೆ, ಎರಡನೆಯ ಅಥವಾ ಮೂರನೆಯ ವಾರದಲ್ಲಿ ವಾಂತಿ ಮಾಡಿಕೊಂಡು ಸೊರಗಿ, ‘ಭೇದಿಯಾಗಿತ್ತಂತೆ’ ಎಂಬ ಮಾತಿನೊಳಗೆ ಮುಗಿದುಹೋಗುತ್ತದೆ. ಸಮಯಕ್ಕೆ ತಿಳಿದರೆ ಹೈಡ್ರೊಕಾರ್ಟಿಸೋನ್ ಮತ್ತು ಉಪ್ಪು ಅದನ್ನು ಉಳಿಸುತ್ತವೆ. ಹಾಲಿನ ಸಕ್ಕರೆಯನ್ನು ದೇಹ ಬಳಸಲಾರದ ಗ್ಯಾಲಕ್ಟೊಸೀಮಿಯಾ ಇದ್ದರೆ ತಾಯಿಯ ಹಾಲೇ ಮಗುವಿಗೆ ವಿಷ, ಕೂಡಲೇ ನಿಲ್ಲಿಸಬೇಕು. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಗೆ ಬಯೋಟಿನ್ ಎಂಬ ವಿಟಮಿನ್ನೇ ಔಷಧ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಐದನೆಯದು, ಅದರ ಬಗ್ಗೆ ಮುಂದೆ ಹೇಳಿದ್ದೇನೆ.

ಉದ್ದ ಪಟ್ಟಿಯವರು ಬಳಸುವುದು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೆಟ್ರಿ. ಒಂದೇ ಹನಿಯಿಂದ ಹಲವು ಡಜನ್ ಕಾಯಿಲೆಗಳ ಸುಳಿವು ಸಿಗುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರಿಗೆ, ಹಿಂದೆ ಕಾರಣ ತಿಳಿಯದೆ ಮಗುವನ್ನು ಕಳೆದುಕೊಂಡವರಿಗೆ ಇದನ್ನು ಖಂಡಿತ ಹೇಳುತ್ತೇನೆ. ಉಳಿದವರು ಹಣದ ಅನುಕೂಲ ನೋಡಿಕೊಂಡು ಮಾಡಿಸಬಹುದು. ಮೂತ್ರ ಮಾತ್ರ ಪಡೆದು ‘ಎಲ್ಲ ಕಾಯಿಲೆ ನೋಡುತ್ತೇವೆ’ ಎನ್ನುವವರಿಗೆ ‘ಥೈರಾಯ್ಡ್ ಹೇಗೆ ನೋಡುತ್ತೀರಿ?’ ಎಂದು ಕೇಳಿ. ಟಿಎಸ್‌ಎಚ್ ನೋಡಲು ರಕ್ತವೇ ಬೇಕು.

ಇದನ್ನೇ ಡಿಎನ್‌ಎ ಟೆಸ್ಟ್ ಎನ್ನುತ್ತಾರೆಯೇ?

ಅಲ್ಲ. ಹಿಮ್ಮಡಿ ರಕ್ತದ ಸಾಮಾನ್ಯ ತಪಾಸಣೆ ಜೀನ್ ಓದುವುದಿಲ್ಲ. ಜೀನ್ ಕೆಟ್ಟಾಗ ರಕ್ತದಲ್ಲಿ ಏರುಪೇರಾಗುವ ಹಾರ್ಮೋನು, ಕಿಣ್ವ, ಅಮೈನೊ ಆಮ್ಲಗಳನ್ನು ಅಳೆಯುತ್ತದೆ. ಡಿಎನ್‌ಎಯನ್ನೇ ಓದುವ ಸೀಕ್ವೆನ್ಸಿಂಗ್ ಬೇರೆ ಪರೀಕ್ಷೆ, ವೆಚ್ಚವೂ ಹಲವು ಪಟ್ಟು. ಅದರ ಬಗ್ಗೆ ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಹೊಕ್ಕುಳಬಳ್ಳಿಯ ರಕ್ತ ಕಾಪಿಡುವ ಬ್ಯಾಂಕಿನವರು ಪ್ಯಾಕೇಜ್ ತೆಗೆದುಕೊಂಡರೆ ಈ ಟೆಸ್ಟ್ ಉಚಿತ ಎನ್ನುತ್ತಿದ್ದಾರೆ.

ಕೆಲವು ಸಾವಿರದ ಟೆಸ್ಟಿಗಾಗಿ ಅದರ ಎಷ್ಟೋ ಪಟ್ಟು ತೆರುವುದು ಯಾವ ಸೀಮೆಯ ಉಚಿತ? ಖಾಸಗಿಯಾಗಿ ಹೊಕ್ಕುಳಬಳ್ಳಿ ರಕ್ತ ಕೂಡಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೇ ಶಿಫಾರಸು ಮಾಡುವುದಿಲ್ಲ. ತಪಾಸಣೆ ಬೇಕಿದ್ದರೆ ತಪಾಸಣೆಯನ್ನಷ್ಟೇ ಕೊಳ್ಳಿ.

## ರಿಪೋರ್ಟ್ ಬಂದ ಮೇಲೆ

ಲ್ಯಾಬಿನವರು ‘ಒಂದು ಅಂಶ ಹೆಚ್ಚಿದೆ, ಮತ್ತೆ ರಕ್ತ ಬೇಕು’ ಎಂದರು. ರಾತ್ರಿಯಿಡೀ ಯಾರೂ ಮಲಗಿಲ್ಲ.

ತಪಾಸಣೆ ಬೇರೆ, ರೋಗನಿರ್ಣಯ ಬೇರೆ. ರೋಗವಿರುವ ಒಂದು ಮಗುವೂ ತಪ್ಪಿಹೋಗಬಾರದೆಂದು ತಪಾಸಣೆಯ ಮಿತಿಯನ್ನು ಬೇಕೆಂದೇ ಬಿಗಿಯಾಗಿ ಇಟ್ಟಿರುತ್ತಾರೆ. ಹಾಗಾಗಿ ಮರುಪರೀಕ್ಷೆಗೆ ಕರೆಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಿ ಸಿಎಎಚ್ ಪರೀಕ್ಷೆಯ ಅಂಕಿ ಸುಮ್ಮನೆ ಏರಿರುವುದು ತೀರ ಸಾಮಾನ್ಯ. ಆದರೆ ‘ಹೆಚ್ಚಿನವರಿಗೆ ಇರುವುದಿಲ್ಲವಂತೆ’ ಎಂದು ಹಬ್ಬ ಮುಗಿಯುವವರೆಗೆ ಮುಂದೂಡಬೇಡಿ. ಅಂದೋ ಮರುದಿನವೋ ಹೋಗಿ. ನಡುವೆ ಮಗು ಹಾಲು ಬಿಟ್ಟರೆ, ವಾಂತಿ ಮಾಡಿದರೆ, ಮಂಕಾದರೆ ರಿಪೋರ್ಟಿಗೆ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಜಿ6ಪಿಡಿ ಕಡಿಮೆ ಎಂದು ಬಂದಿದೆ. ಅವರೆಕಾಳು ತಿನ್ನಿಸಲೇಬಾರದಂತೆ, ಹೌದೇ?

ಜಿ6ಪಿಡಿ ಕೊರತೆಯಿರುವ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಬೆಳೆಯುತ್ತದೆ. ಕೆಲವು ವಸ್ತುಗಳು ತಾಗಿದಾಗ ಮಾತ್ರ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಾಮಾಲೆ ಏರುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಗಂಡುಮಕ್ಕಳಲ್ಲಿ ಒಂದೇ ಇರುವ ಎಕ್ಸ್ ವರ್ಣತಂತುವಿನಲ್ಲಿ ಇದರ ಜೀನ್ ಇರುವುದರಿಂದ ತೊಂದರೆ ಹೆಚ್ಚಾಗಿ ಗಂಡುಮಕ್ಕಳಿಗೆ.

ಬೇಡವಾದದ್ದು ಬಾಕಲಾ ಎಂದು ಮಾರುವ ಫಾವಾ ಬೀನ್ಸ್. ನಮ್ಮ ಅವರೆ ಬೇರೆ ಜಾತಿಯ ಕಾಳು, ಅದಕ್ಕೆ ಹೆದರಬೇಕಿಲ್ಲ. ನಿಜವಾಗಿ ಹೆದರಬೇಕಾದದ್ದು ನುಸಿಗುಳಿಗೆಗೆ. ಅಜ್ಜಿ ಟ್ರಂಕಿನಿಂದ ತೆಗೆದ ಹಳೆಯ ಮೆತ್ತನೆಯ ಸೀರೆಯಲ್ಲಿ ಕೂಸನ್ನು ಸುತ್ತುತ್ತಾಳೆ, ಸೀರೆಯ ಮಡಿಕೆಯಲ್ಲಿ ವರ್ಷಗಳಿಂದ ನ್ಯಾಫ್ತಲಿನ್ ವಾಸನೆ ಕೂತಿರುತ್ತದೆ. ಸೀರೆಯನ್ನು ಒಗೆದು ಬಿಸಿಲಿಗೆ ಹಾಕಿದರೂ ಸಾಲದು, ಮಗುವಿಗೆ ಬೇರೆ ಬಟ್ಟೆ ಬಳಸಿ, ಗುಳಿಗೆಗಳನ್ನು ಮನೆಯಿಂದಲೇ ಹೊರಹಾಕಿ. ಕೂಸಿನ ಅಂಗೈಗೆ ಮೆಹಂದಿಯೂ ಬೇಡ. ಮಲೇರಿಯಾದ ಪ್ರಿಮಾಕ್ವಿನ್, ಡ್ಯಾಪ್ಸೋನ್, ನೈಟ್ರೊಫ್ಯುರಾಂಟಾಯಿನ್ ಮುಂತಾದ ಔಷಧಗಳನ್ನು ವೈದ್ಯರನ್ನು ಕೇಳದೆ ಕೊಡುವಂತಿಲ್ಲ. ಹಾಲೂಡಿಸುವ ತಾಯಿಗೂ ಇದೇ ಎಚ್ಚರಿಕೆ. ಮಲೇರಿಯಾ ಆಗಾಗ ತಲೆಯೆತ್ತುವ ಮುಂಬೈ, ಗೋವಾದಲ್ಲಿ ಒಂದು ಚೀಟಿಯಲ್ಲಿ ‘ಜಿ6ಪಿಡಿ ಕೊರತೆ’ ಎಂದು ಬರೆಸಿ ಲಸಿಕೆ ಕಾರ್ಡಿಗೆ ಅಂಟಿಸಿಡಿ.

ಥೈರಾಯ್ಡ್ ಇದೆ ಎಂದು ಖಚಿತವಾಯಿತು. ಇಷ್ಟು ಚಿಕ್ಕ ಕೂಸಿಗೆ ಮಾತ್ರೆ ಹೇಗೆ ಕೊಡುವುದು? ಜೀವನಪೂರ್ತಿಯೇ?

ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ತುಸು ಎದೆಹಾಲಿನಲ್ಲಿ ಕದಡಿ, ಚಮಚದಲ್ಲೋ ಒಳಲೆಯಲ್ಲೋ ಕುಡಿಸಿ. ಒಳಲೆಯ ತಳದಲ್ಲಿ ಪುಡಿ ಉಳಿದಿದ್ದರೆ ಇನ್ನೊಂದಿಷ್ಟು ಹಾಲು ಹಾಕಿ ಅದನ್ನೂ ಕುಡಿಸಬೇಕು. ದಿನವೂ ಒಂದೇ ಹೊತ್ತು ಇರಲಿ. ಕಬ್ಬಿಣ, ಕ್ಯಾಲ್ಸಿಯಂ ಟಾನಿಕ್‌ಗಳನ್ನು ಅದರ ಜೊತೆಗೆ ಕೊಟ್ಟರೆ ಔಷಧ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೊದಲ ವರ್ಷ ರಕ್ತಪರೀಕ್ಷೆ ಆಗಾಗ ಬೇಕು, ಮಗುವಿನ ತೂಕ ಏರಿದಂತೆ ಪ್ರಮಾಣ ಬದಲಾಗುತ್ತದೆ. ಕೆಲವು ಮಕ್ಕಳದು ತಾತ್ಕಾಲಿಕ ಕೊರತೆ. ಮೂರು ವರ್ಷ ತುಂಬಿದ ಮೇಲೆ ವೈದ್ಯರು ಮಾತ್ರೆ ನಿಲ್ಲಿಸಿ ನೋಡಬಹುದು. ನೀವಾಗಿಯೇ ನಿಲ್ಲಿಸಬೇಡಿ.

ಎಲ್ಲ ನಾರ್ಮಲ್ ಬಂತು. ಇನ್ನು ನಿಶ್ಚಿಂತೆಯೇ?

ಆ ಪಟ್ಟಿಯ ಮಟ್ಟಿಗೆ ಬಹುಪಾಲು ನಿಶ್ಚಿಂತೆ. ಕಿವಿ ಕೇಳಿಸುತ್ತದೆಯೇ, ಹೃದಯ ಸರಿಯಿದೆಯೇ ಎಂಬುದಕ್ಕೆ ಬೇರೆ ತಪಾಸಣೆಗಳಿವೆ, ಅವೂ ಆಗಲಿ.

## ಮನೆತನ, ಸಂಬಂಧ

ನಾನು ಸೋದರಮಾವನನ್ನೇ ಮದುವೆಯಾಗಿದ್ದೇನೆ. ಗೋತ್ರ ಬೇರೆ, ರಕ್ತದ ಗುಂಪೂ ಬೇರೆ. ಹಾಗಾದರೆ ಭಯವಿಲ್ಲವಲ್ಲ?

ಈ ಪ್ರಶ್ನೆ ಬಾರದ ವಾರವಿಲ್ಲ. ಗೋತ್ರ ತಂದೆಯ ಕಡೆಯಿಂದ ಮಾತ್ರ ಎಣಿಸುವ ಲೆಕ್ಕ, ಜೀನ್‌ಗಳು ಎರಡೂ ಕಡೆಯಿಂದ ಬರುತ್ತವೆ. ರಕ್ತದ ಗುಂಪಿಗಂತೂ ಇದಕ್ಕೆ ಯಾವ ಸಂಬಂಧವೂ ಇಲ್ಲ. ಒಂದೊಂದು ಜೀನಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಪ್ರತಿಗಳಿರುತ್ತವೆ. ನಮ್ಮೆಲ್ಲರಲ್ಲೂ ಒಂದು ಪ್ರತಿ ಮಾತ್ರ ಕೆಟ್ಟಿರುವ ಜೀನ್‌ಗಳು ಕೆಲವಿರುತ್ತವೆ, ಇನ್ನೊಂದು ಪ್ರತಿ ಸರಿಯಿರುವುದರಿಂದ ನಡೆದುಹೋಗುತ್ತದೆ. ಗಂಡಹೆಂಡಿರ ಹಿರಿಯರು ಒಬ್ಬರೇ ಆದಾಗ ಅದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಸೋದರಮಾವ ಸೊಸೆಯ ಮಗುವಿನಲ್ಲಿ ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆಯ ಮಗ, ಮಾವನ ಮಗಳಾದರೆ 16ರಲ್ಲಿ 1.

ಹಾಗೆಂದು ಗಾಬರಿಯಾಗಬೇಕಿಲ್ಲ. ಯಾವುದೇ ದಂಪತಿಗೆ ಹುಟ್ಟುವ ಮಗುವಿನಲ್ಲಿ ಗಂಭೀರ ತೊಂದರೆಯ ಸಂಭವ ಶೇಕಡಾ 2ರಿಂದ 3 ಇದ್ದೇ ಇದೆ. ಅತ್ತೆ ಮಾವನ ಮಕ್ಕಳಾದರೆ ಅದು ಸುಮಾರು ಇಮ್ಮಡಿ, ಸೋದರಮಾವನಾದರೆ ಇನ್ನಷ್ಟು. ಎಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ತಪಾಸಣೆ ‘ಬೇಕು’ ಎಂದು ಗುರುತು ಹಾಕಲು ನಿಮಗೆ ಉಳಿದವರಿಗಿಂತ ಬಲವಾದ ಕಾರಣವಿದೆ. ಸಂಬಂಧವನ್ನು ವೈದ್ಯರಿಂದ ಮುಚ್ಚಿಡಬೇಡಿ.

ಅತ್ತೆಯವರು ‘ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ, ನಿನ್ನ ತವರಿನಿಂದ ಬಂದದ್ದು’ ಎನ್ನುತ್ತಾರೆ.

ಸಿಎಎಚ್, ಗ್ಯಾಲಕ್ಟೊಸೀಮಿಯಾ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ ಮೇಜರ್‌ಗಳಲ್ಲಿ ಸಾಮಾನ್ಯವಾಗಿ ಗಂಡನಿಂದ ಒಂದು, ಹೆಂಡತಿಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿ ಸೇರಿದರಷ್ಟೇ ಕಾಯಿಲೆ. ಅತ್ತೆಯವರನ್ನು ಮುಂದಿನ ಭೇಟಿಗೆ ಕರೆದುಕೊಂಡು ಬನ್ನಿ, ಚಿತ್ರ ಬರೆದು ತೋರಿಸುತ್ತೇನೆ. ಹೀಗೆ ಬಂದವರಲ್ಲಿ ಎಷ್ಟೋ ಜನ ಎದ್ದು ಹೋಗುವಾಗ ಮಗಳಿಗೂ ಪರೀಕ್ಷೆ ಮಾಡಿಸಬೇಕೇ ಎಂದು ಮೆಲ್ಲಗೆ ಕೇಳಿದ್ದಾರೆ.

ಥಲಸ್ಸೀಮಿಯಾ ವಾಹಕವೇ ಎಂದು ಈಗಲೇ ತಿಳಿಯಬಹುದೇ?

ಕೆಟ್ಟ ಪ್ರತಿ ಒಂದೇ ಇದ್ದು ತಾವು ಆರೋಗ್ಯವಾಗಿರುವವರು ವಾಹಕರು. ಹುಟ್ಟಿದಾಗ ಬೀಟಾ ಥಲಸ್ಸೀಮಿಯಾ ವಾಹಕತ್ವವನ್ನು ಸಾಮಾನ್ಯ ಪರೀಕ್ಷೆಯಲ್ಲಿ ನಂಬುವಂತೆ ಗುರುತಿಸಲಾಗುವುದಿಲ್ಲ. ಆಗಿನ್ನೂ ರಕ್ತದಲ್ಲಿ ಗರ್ಭಕಾಲದ ಹಿಮೋಗ್ಲೋಬಿನ್ನೇ ತುಂಬಿರುತ್ತದೆ. ತಂದೆತಾಯಿ ಎಚ್‌ಬಿಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಪರೀಕ್ಷೆ ಮಾಡಿಸಿಕೊಳ್ಳುವುದು ನೇರ ದಾರಿ.

ನಾವು ಆರ್ಯವೈಶ್ಯರು. ಅರಿವಳಿಕೆ ಕೊಟ್ಟರೆ ಎಚ್ಚರವಾಗುವುದಿಲ್ಲವಂತೆ, ಅದನ್ನೂ ನೋಡುತ್ತಾರೆಯೇ?

ವೈಶ್ಯ ಸಮುದಾಯದ ಕೆಲವರಲ್ಲಿ ಬ್ಯೂಟಿರಿಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಉಳಿದವರಿಗಿಂತ ಹೆಚ್ಚು ಕಂಡುಬಂದಿರುವುದು ನಿಜ. ಅಂಥವರಿಗೆ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಕೆಲವು ನಿಮಿಷದಲ್ಲಿ ಇಳಿಯಬೇಕಾದ ಸ್ನಾಯುಗಳ ನಿಶ್ಚಲತೆ ಗಂಟೆಗಟ್ಟಲೆ ಉಳಿಯುತ್ತದೆ. ಹಸುಗೂಸಿನ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಶಸ್ತ್ರಚಿಕಿತ್ಸೆ ಬಂದಾಗ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿದರೆ ಬೇರೆ ಔಷಧ ಬಳಸುತ್ತಾರೆ.

## ಇನ್ನೂ ಆಳದ ಪ್ರಶ್ನೆಗಳು

ನಾವಿಬ್ಬರೂ ಪುಣೆಯಲ್ಲಿ ಐಟಿ ಉದ್ಯೋಗಿಗಳು, ಹಣದ ಚಿಂತೆಯಿಲ್ಲ. ಮಗುವಿನ ಪೂರ್ತಿ ಜೀನೋಮ್ ಓದಿಸಿಬಿಡುವುದು ಒಳ್ಳೆಯದಲ್ಲವೇ?

ಜೀನೋಮ್ ಎಂದರೆ ಒಬ್ಬರ ಡಿಎನ್‌ಎ ಪೂರ್ತಿ. ಕಾಯಿಲೆಯ ಲಕ್ಷಣವಿರುವ ಮಗುವಿಗೆ ಸೀಕ್ವೆನ್ಸಿಂಗ್ ಅಮೂಲ್ಯ. ಆರೋಗ್ಯವಾಗಿರುವ ಮಗುವಿಗೆ ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಒಂದು ಲಕ್ಷ ಹಸುಗೂಸುಗಳ ಜೀನೋಮ್ ಓದುವ ಅಧ್ಯಯನ ನಡೆಯುತ್ತಿದೆ. ಅಲ್ಲಿಯೂ ಸಿಕ್ಕಿದ್ದೆಲ್ಲವನ್ನೂ ಪೋಷಕರಿಗೆ ಹೇಳುವುದಿಲ್ಲ, ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ, ಚಿಕಿತ್ಸೆಯಿರುವ ಇನ್ನೂರಕ್ಕೂ ಹೆಚ್ಚು ಕಾಯಿಲೆಗಳಿಗಷ್ಟೇ ಸೀಮಿತ.

ಇಲ್ಲಿ ಖಾಸಗಿಯಾಗಿ ಮಾಡಿಸಿದಾಗ ಕೈಗೆ ಬರುವ ಪುಟಗಳಲ್ಲಿ ‘ಅರ್ಥ ಅನಿಶ್ಚಿತ’ ಎಂಬ ಸಾಲು ತೀರ ಸಾಮಾನ್ಯ. ಜೀನ್‌ನಲ್ಲಿ ಒಂದು ಅಕ್ಷರ ಬೇರೆಯಿದೆ, ಅದರಿಂದ ಕೇಡಿದೆಯೋ ಇಲ್ಲವೋ ಯಾರೂ ಹೇಳಲಾರರು. ಹೋಲಿಸಿ ನೋಡುವ ಜಾಗತಿಕ ದತ್ತಾಂಶದಲ್ಲಿ ಭಾರತೀಯರು ಕಡಿಮೆಯಿರುವುದರಿಂದ ಈ ಗೊಂದಲ ನಮ್ಮವರಿಗೆ ಹೆಚ್ಚು. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶ ಸಂಶೋಧಕರಿಗೆ ತೆರೆದದ್ದು 2025ರಲ್ಲಿ, ಅದರ ಫಲ ನಿಧಾನವಾಗಿ ಸಿಗಬೇಕು. ಇನ್ನು ಐವತ್ತನೆಯ ವಯಸ್ಸಿಗೆ ಬರಬಹುದಾದ ಕ್ಯಾನ್ಸರಿನ ಸಂಭವವನ್ನು ತೊಟ್ಟಿಲಲ್ಲಿರುವ ಕೂಸಿನ ಬಗ್ಗೆ ತಿಳಿದು ಏನು ಮಾಡುತ್ತೀರಿ? ತಿಳಿಯಬೇಕೋ ಬೇಡವೋ ಎಂಬುದನ್ನು ಆ ಮಗು ದೊಡ್ಡದಾಗಿ ತಾನೇ ನಿರ್ಧರಿಸಲಿ.

ರಿಪೋರ್ಟಿನಲ್ಲಿ ಆನುವಂಶಿಕ ಕಾಯಿಲೆ ಎಂದು ಬಂದರೆ ಆರೋಗ್ಯ ವಿಮೆ ಸಿಗುತ್ತದೆಯೇ? ಮಗುವಿನ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಜೀನ್ ಮಾಹಿತಿಯ ಆಧಾರದ ಮೇಲೆ ತಾರತಮ್ಯ ಮಾಡಬಾರದೆನ್ನುವ ಪ್ರತ್ಯೇಕ ಕಾನೂನು ಅಮೆರಿಕದಲ್ಲಿ 2008ರಲ್ಲೇ ಬಂದಿದೆ. ನಮ್ಮಲ್ಲಿ ಅಂಥದ್ದಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ಆನುವಂಶಿಕ ಕಾಯಿಲೆಗಳನ್ನು ಆರೋಗ್ಯ ವಿಮೆಯಿಂದ ಒಟ್ಟಾಗಿ ಹೊರಗಿಡುವುದು ತಾರತಮ್ಯ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ರಿಪೋರ್ಟ್ ಮುಚ್ಚಿಟ್ಟು ಪಾಲಿಸಿ ಕೊಂಡರೆ ಕ್ಲೇಮಿನ ಹೊತ್ತಿಗೆ ಅದೇ ಉರುಳಾಗುತ್ತದೆ. ಉದ್ಯೋಗದ ಮೂಲಕ ಬರುವ ಗುಂಪು ವಿಮೆಯಿದ್ದರೆ ಮಗುವಿನ ಹೆಸರನ್ನು ಕಂಪನಿ ಹೇಳಿದ ಗಡುವಿನೊಳಗೆ ಸೇರಿಸಿ, ಸಾಮಾನ್ಯವಾಗಿ ಅದೇ ಸುಲಭದ ದಾರಿ.

ಮಾಹಿತಿಯ ವಿಷಯಕ್ಕೆ ಬಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಪತ್ರದಲ್ಲಿ ‘ಉಳಿದ ಸ್ಯಾಂಪಲ್ಲನ್ನು ಸಂಶೋಧನೆಗೆ ಬಳಸಬಹುದು’ ಎಂಬ ಸಾಲನ್ನು ಹುಡುಕಿ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು, ಬೇಡವಾದರೆ ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ.

ಕೋಟಿಗಟ್ಟಲೆ ಬೆಲೆಯ ಔಷಧ ಬೇಕಾಗುವ ಕಾಯಿಲೆ ಸಿಕ್ಕಿದರೆ?

ಎಸ್‌ಎಂಎ ಎಂಬ, ನರಕೋಶ ಕೆಟ್ಟು ಸ್ನಾಯುಗಳು ಸೊರಗುವ ಕಾಯಿಲೆಯ ಜೀನ್ ಚಿಕಿತ್ಸೆಗೆ 16 ಕೋಟಿ ರೂಪಾಯಿ ಎಂಬ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಅಡಿಯಲ್ಲಿ, ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಮುಂಬೈಯಲ್ಲಿ ಪರೇಲ್‌ನ ಕೆಇಎಂ ಆಸ್ಪತ್ರೆ ಅಂಥ ಕೇಂದ್ರ. ಮೊದಲು ಅಲ್ಲಿ ಹೆಸರು ನೋಂದಾಯಿಸಿ. ದೇಣಿಗೆ ಸಂಗ್ರಹದ ಯೋಚನೆ ಅದರ ನಂತರ.

ಮೊದಲ ಮಗುವಿಗೆ ಸಿಎಎಚ್ ಇದೆ. ಎರಡನೆಯದಕ್ಕೆ ಏನು ಮಾಡಬೇಕು?

ಪ್ರತಿ ಗರ್ಭದಲ್ಲೂ ಸಂಭವ 4ರಲ್ಲಿ 1. ಗರ್ಭ ಧರಿಸುವ ಮೊದಲೇ ಮೊದಲ ಮಗುವಿನ ಜೀನ್ ಪರೀಕ್ಷೆ ಮಾಡಿಸಿ, ದೋಷ ಯಾವುದೆಂದು ಬರೆಸಿಟ್ಟುಕೊಳ್ಳಿ. ಆ ರಿಪೋರ್ಟ್ ಇಲ್ಲದೆ ಗರ್ಭಿಣಿಯಾದ ಮೇಲೆ ಓಡಾಡಿದರೆ ವಾರಗಳು ಕೈಜಾರುತ್ತವೆ. ಅದಿದ್ದರೆ 11ರಿಂದ 14ನೇ ವಾರದಲ್ಲಿ ಮಾಸುಚೀಲದ ತುಣುಕು ತೆಗೆದು, ಇಲ್ಲವೇ 16ನೇ ವಾರದ ನಂತರ ಗರ್ಭಜಲ ತೆಗೆದು ನೋಡಬಹುದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಂತೆ ಇಂಥ ಪರೀಕ್ಷೆ ನೋಂದಾಯಿತ ಕೇಂದ್ರದಲ್ಲೇ ಆಗಬೇಕು. ಭ್ರೂಣದ ಲಿಂಗವನ್ನು ಯಾರೂ ಹೇಳುವುದಿಲ್ಲ, ನೀವೂ ಕೇಳಬೇಡಿ. ಗರ್ಭದಲ್ಲಿ ಪರೀಕ್ಷೆ ಬೇಡ ಎನ್ನುವವರು ಹುಟ್ಟಿದ ಕೂಡಲೇ ಮಗುವಿನ ರಕ್ತ ನೋಡುವ ಏರ್ಪಾಡನ್ನು ಮಕ್ಕಳ ವೈದ್ಯರ ಜೊತೆ ಮೊದಲೇ ಮಾಡಿಕೊಂಡಿರಬೇಕು, ಮೊದಲ ಮಗುವಿನ ಫೈಲು ಹೆರಿಗೆಯ ಚೀಲದಲ್ಲೇ ಇರಲಿ.